ಕಿಟಕಿ ನೋಡಿ ಟ್ಯೂನಿಂಗ್ ಮಾಡುತ್ತಿದ್ದ ಇಮ್ದಾದ್ ಸಾಬ್ರು

ಇಮ್ದಾದ್ ಸಾಬ್ರ ಬಗ್ಗೆ ತುರುವೇಕೆರೆಯಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ಆ ಮನುಷ್ಯ ಹೆಂಡತಿಯನ್ನು ಕೇಳದೆ ಒಂದು ಸ್ಕ್ರೂ ಕೂಡ ತಿರುಗಿಸುವುದಿಲ್ಲ. ಹೇಳುವವರು ನಗುತ್ತಾ ಹೇಳುತ್ತಿದ್ದರು, ಸಾಬ್ರೂ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದರು. ತಮಾಷೆಗೆ ಹುಟ್ಟಿದ ಮಾತಾದರೂ ಅದು ನೂರಕ್ಕೆ ನೂರು ನಿಜವಾಗಿತ್ತು.

ಅವರ ಮನೆ ಮಸೀದಿಯ ಹಿಂದಿನ ಓಣಿಯಲ್ಲಿ. ಮುಂದೆ ಅಂಗಳ, ಅಂಗಳದಲ್ಲಿ ಎರಡು ತೆಂಗಿನಮರ, ಎಡಗಡೆ ತಗಡಿನ ಶೆಡ್ಡು. ಇಂಜಿನ್ ಬಿಚ್ಚುವುದು, ಕ್ಲಚ್ ಪ್ಲೇಟ್ ಹಾಕುವುದು, ಪಂಕ್ಚರು ಎಲ್ಲ ಶೆಡ್ಡಿನಲ್ಲಿ. ಟ್ಯೂನಿಂಗ್ ಮಾತ್ರ ಅಂಗಳದಲ್ಲಿ, ಅದೂ ಅಡುಗೆಮನೆ ಕಿಟಕಿಯ ಎದುರಿಗೆ, ಅದೂ ಬೆಳಿಗ್ಗೆ ಓಣಿಯಲ್ಲಿ ಗದ್ದಲ ಶುರುವಾಗುವ ಮುಂಚೆ. ಗಾಡಿಯವರು ಹಿಂದಿನ ಸಂಜೆಯೇ ತಂದು ಬಿಟ್ಟು ಹೋಗಬೇಕು. ಮಧ್ಯಾಹ್ನ ತಂದು "ಸ್ವಲ್ಪ ಟ್ಯೂನಿಂಗ್ ಮಾಡಿಕೊಡಿ" ಅಂದರೆ, ಎಂಥ ದೊಡ್ಡ ಮನುಷ್ಯನಾದರೂ, "ನಾಳೆ ಬೆಳಿಗ್ಗೆ ನೋಡಾಣ ಬುಡಿ" ಎಂಬ ಉತ್ತರವೇ.

ಬೆಳಿಗ್ಗೆ ಸಾಬ್ರು ನಮಾಜು ಮುಗಿಸಿ ಬಂದು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಕಿಕ್ ಹೊಡೆಯುತ್ತಿದ್ದರು. ಒಳಗೆ ಖುರ್ಷಿದ್ ಬೇಗಂ, ನಮಗೆಲ್ಲ ಖುರ್ಷಿದಮ್ಮ, ರೊಟ್ಟಿ ತಟ್ಟುವ ಕೈ ನಿಲ್ಲಿಸಿ ಕಿಟಕಿಗೆ ಬರುತ್ತಿದ್ದರು. ಸಾಬ್ರು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಕ್ರೂ ಡ್ರೈವರನ್ನು ಕಾರ್ಬುರೇಟರಿನ ಸ್ಕ್ರೂಗೆ ಕೊಟ್ಟು, ಕಣ್ಣನ್ನು ಕಿಟಕಿಯ ಮೇಲಿಟ್ಟು ಇಷ್ಟೇ ಇಷ್ಟು ತಿರುಗಿಸುವರು. ಖುರ್ಷಿದಮ್ಮ ಹುಬ್ಬು ಗಂಟಿಕ್ಕಿ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಇಂಜಿನ್ನಿನ ಸದ್ದು ಹದಕ್ಕೆ ಬಂದ ಕೂಡಲೇ ಅವರ ಗಲ್ಲ ಸ್ವಲ್ಪ ಮೇಲೇಳುತ್ತಿತ್ತು. ಅಷ್ಟೇ. ಆಕೆ ರೊಟ್ಟಿಯ ಕಡೆ ತಿರುಗುವರು, ಸಾಬ್ರು ಸ್ಕ್ರೂ ಡ್ರೈವರ್ ತೆಗೆಯುವರು. ಆಮೇಲೆ ಆ ಗಾಡಿಯ ಹದ ಆರು ತಿಂಗಳು ಕದಲುತ್ತಿರಲಿಲ್ಲ.

ನಾನು ಆಗ ಊರಿನ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಹೆಸರು ಗಂಗಾಧರ ಅಂತಿದ್ದರೂ ಆ ಹೆಸರಿನಿಂದ ಕರೆದವರು ನನ್ನ ಹೆಂಡತಿ ವನಜಾಕ್ಷಿ ಒಬ್ಬಳೇ, ಅದೂ ಕೋಪ ಬಂದಾಗ. ಮಿಕ್ಕವರಿಗೆಲ್ಲ ನಾನು ದನದ ಇನ್ಸ್‌ಪೆಕ್ಟ್ರು. ಹಸುಗಳಿಗೆ ಕಚೇರಿ ಸಮಯ ಗೊತ್ತಿಲ್ಲ. ಕರು ಅಡ್ಡ ಸಿಕ್ಕಿಕೊಳ್ಳುವುದು ಕೋಳಿ ಕೂಗುವ ಹೊತ್ತಿಗೇ, ಹೊಟ್ಟೆ ಉಬ್ಬರಿಸುವುದು ನಾನು ಬಿಸಿನೀರು ಸುರಿದುಕೊಳ್ಳುವ ಹೊತ್ತಿಗೇ. ಹಾಗಾಗಿ ನನ್ನ ಗಾಡಿ ಬೆಳಿಗ್ಗೆ ಒಂದೇ ಕಿಕ್ಕಿಗೆ ಶುರುವಾಗಬೇಕು. ಆಗದಿದ್ದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟು ತಡೆದುಕೊಂಡವರಲ್ಲಿ ಸಾಬ್ರು ಮೊದಲಿಗರು.

ಖುರ್ಷಿದಮ್ಮ ಒಮ್ಮೆ ಚಿಕ್ಕನಾಯಕನಹಳ್ಳಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದರು. ತೊಂಬತ್ತೊಂಬತ್ತರಲ್ಲೋ ಎರಡು ಸಾವಿರದಲ್ಲೋ ಇರಬೇಕು. ನನ್ನ ಹಳೇ ಗಾಡಿ ಹೊಗೆ ಕಾರುತ್ತಿತ್ತು.

"ಶುಕ್ರವಾರ ಬನ್ನಿ ಇನ್ಸ್‌ಪೆಕ್ಟ್ರೇ," ಅಂದರು ಸಾಬ್ರು.

"ಶುಕ್ರವಾರದ ತನಕ ದನ ಕಾಯ್ತವೇನ್ರೀ? ನಾಲ್ಕು ಸುತ್ತು ಸ್ಕ್ರೂ ತಿರುಗ್ಸೋಕೆ ಪಂಚಾಂಗ ನೋಡ್ಬೇಕಾ?"

ನನ್ನ ಬಾಯಿಗೆ ಹೆದರಿ ಅವರು ಕೂತರು. ಕಿಕ್ ಹೊಡೆದು, ಅಭ್ಯಾಸಬಲದಿಂದ ಮುಚ್ಚಿದ ಕಿಟಕಿಯನ್ನೊಮ್ಮೆ ನೋಡಿ, ಸ್ಕ್ರೂ ತಿರುಗಿಸಿದರು. ಇಂಜಿನ್ನು ಅರಚತೊಡಗಿತು. ಅವರು ಇನ್ನೂ ತಿರುಗಿಸಿದರು. ಓಣಿಯ ನಾಯಿ ಎದ್ದು ಓಡಿತು. ನಾನು ಹಿಂದಿನಿಂದ "ಸಾಕು ಸಾಬ್ರೇ, ಸಾಕು!" ಎಂದು ಕಿರುಚಿದೆ, ಮತ್ತೆ ಕಿರುಚಿದೆ. ಅವರು ತಿರುಗಲೇ ಇಲ್ಲ. ನಾನು ಹೋಗಿ ಭುಜ ಮುಟ್ಟಿದಾಗ ಬೆಚ್ಚಿದರು. ನನ್ನ ಮುಖ ನೋಡಿ ಅವರಿಗೂ ತಿಳಿಯಿತು, ಅವರ ಮುಖ ನೋಡಿ ನನಗೂ ತಿಳಿಯಿತು. ನಾನು ಇಗ್ನಿಷನ್ ಆಫ್ ಮಾಡಿ ಅವರ ಎದುರು ಕೂತೆ.

"ವಿಷಮಜ್ವರ ಬಂದಿತ್ತಲ್ಲ, ಆಗಲೇ ಎಡಗಿವಿ ಹೋಯ್ತು," ಅಂದರು ಆಮೇಲೆ. "ಬಲಗಿವಿ ನಿಧಾನಕ್ಕೆ ಹೊಂಟೈತೆ. ಎದುರುಗಡೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೊಂಡ್ಬುಡ್ತೀನಿ. ಇಂಜಿನ್ನಿಗೆ ತುಟಿ ಇಲ್ವಲ್ಲ."

ಖುರ್ಷಿದಮ್ಮ ಮದುವೆಯಾಗಿ ಬಂದ ದಿನದಿಂದ ಆ ಕಿಟಕಿಯಲ್ಲಿ ಇಂಜಿನ್ನುಗಳ ಸದ್ದು ಕೇಳಿದವರು. ಅನ್ನದ ಕುದಿ ಗೊತ್ತಾಗುವಂತೆ ಅವರಿಗೆ ಇಂಜಿನ್ನಿನ ಹದ ಗೊತ್ತಾಗುತ್ತಿತ್ತು. ಗಂಡನ ಕಿವಿ ಮಂದವಾದಾಗ ಆಕೆ ಯಾರಿಗೂ ಹೇಳದೆ ಕಿಟಕಿಗೆ ಬಂದು ನಿಂತರು, ಅಷ್ಟೇ. ಊರಿನವರು ಅದನ್ನು ಹೆಂಡತಿಯ ಭಯ ಅಂದುಕೊಂಡು ನಕ್ಕರು. ಹಾಗೆಯೇ ನಗಲಿ ಎಂದು ಸಾಬ್ರೂ ಬಿಟ್ಟಿದ್ದರು. ಕಿವುಡ ಮೆಕ್ಯಾನಿಕ್ ಅನ್ನಿಸಿಕೊಳ್ಳುವುದಕ್ಕಿಂತ ಹೆಂಡತಿಗೆ ಹೆದರುವವನು ಅನ್ನಿಸಿಕೊಳ್ಳುವುದೇ ಮೇಲಲ್ಲವೆ? ನಾನು ಬಾಯಿಬಡುಕನಾದರೂ ಈ ವಿಷಯವನ್ನು ವನಜಾಕ್ಷಿಯ ಮುಂದೆ ಕೂಡ ಎತ್ತಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಶೆಡ್ಡಿನ ಗೋಡೆಗೂಡಿನಲ್ಲಿ ತೆಂಗಿನ ಚಿಪ್ಪೊಂದು ಯಾವಾಗಲೂ ಇರುತ್ತಿತ್ತು, ಅದರ ತುಂಬ ಕೊಬ್ಬರಿ ಎಣ್ಣೆ. ನಮ್ಮ ಸೀಮೆಯಲ್ಲಿ ಆ ಎಣ್ಣೆ ಹಚ್ಚದ ವಸ್ತು ಯಾವುದಿದೆ? ಕೂಸಿನ ನೆತ್ತಿಗೆ ಅದೇ, ಬಾಗಿಲ ಕೀಲಿಗೆ ಅದೇ, ಹಬ್ಬದ ದಿನ ಹೋರಿಯ ಕೊಂಬಿಗೂ ಅದೇ. ಸಾಬ್ರು ಯಾವ ರಬ್ಬರ್ ಪೈಪನ್ನೂ ಒಣದಾಗಿ ಸಿಕ್ಕಿಸುತ್ತಿರಲಿಲ್ಲ. ಅದರ ಎರಡೂ ತುದಿಯನ್ನು ಆ ಚಿಪ್ಪಿನಲ್ಲಿ ಅದ್ದಿ ಒತ್ತುವರು, ಪೈಪು ಸರಾಗವಾಗಿ ಹೋಗಿ ಕೂರುವುದು. ಅವರ ಅಪ್ಪ ಅಬ್ದುಲ್ ರಹೀಮರು ಸೈಕಲ್ ಶಾಪಿನ ಕಾಲದಿಂದ ಹಾಗೇ ಮಾಡುತ್ತಿದ್ದರಂತೆ.

ಎರಡು ಸಾವಿರದ ಏಳರಲ್ಲಿ ನಾನು ಹೊಸ ಗಾಡಿ ತೆಗೆದುಕೊಂಡೆ. ಇಂಜೆಕ್ಷನ್ ಬೈಕು. ಕಾರ್ಬುರೇಟರೇ ಇಲ್ಲ, ಸೀಟಿನ ಕೆಳಗೊಂದು ಸಣ್ಣ ಪೆಟ್ಟಿಗೆ ಕೂತು ಎಷ್ಟು ಪೆಟ್ರೋಲು ಚಿಮ್ಮಬೇಕೆಂದು ತಾನೇ ಲೆಕ್ಕ ಹಾಕುತ್ತದೆ. ಊರಿಗೆ ಬಂದ ಮೊದಲನೆಯದು ಅದೇ. "ದನಕ್ಕೆ ಇಂಜೆಕ್ಷನ್ ಕೊಡೋರಿಗೆ ಇಂಜೆಕ್ಷನ್ ಬೈಕು" ಎಂದು ಹೋಟೆಲಿನಲ್ಲಿ ಕೂತವರೆಲ್ಲ ನಕ್ಕರು. ತುಮಕೂರಿನ ಶೋರೂಮಿನವರು ಹೊರಗೆ ಯಾರ ಕೈಗೂ ಕೊಡಬೇಡಿ ಎಂದು ಹೇಳಿ ಕಳಿಸಿದ್ದರು.

ನಾನು ಕೊಡುವುದಿಲ್ಲ ಎಂದೇ ಇದ್ದೆ. ಆದರೆ ಭಾದ್ರಪದದ ಮಳೆಯಲ್ಲಿ ದಂಡಿನಶಿವರದ ದಾರಿಯ ಹಳ್ಳದೊಳಕ್ಕೆ ಗಾಡಿ ಸಮೇತ ಬಿದ್ದೆ. ಕೆಸರು ಎಲ್ಲೆಲ್ಲಿಗೆ ಹೋಗಬಹುದೋ ಅಲ್ಲೆಲ್ಲ ಹೋಗಿತ್ತು. ಅದನ್ನು ತಳ್ಳಿಕೊಂಡು ತುಮಕೂರಿಗೆ ಹೋಗಲಾದೀತೆ? ಸಾಬ್ರ ಅಂಗಳಕ್ಕೆ ತಳ್ಳಿದೆ.

ಅವರು ಆ ಗಾಡಿಯ ಸುತ್ತ ಮೂರು ಸಲ ಸುತ್ತಿದರು. ಖುರ್ಷಿದಮ್ಮನ ತಮ್ಮ ಮುಜಾಫರ್ ತುಮಕೂರಿನ ಒಂದು ಗ್ಯಾರೇಜಿನಲ್ಲಿದ್ದ. ಅವನಿಗೆ ಫೋನ್ ಹಚ್ಚಿಸಿದರು. ಫೋನು ಖುರ್ಷಿದಮ್ಮನ ಕಿವಿಯಲ್ಲಿ. ಅವನು ಹೇಳಿದ್ದನ್ನು ಆಕೆ ಗಂಡನ ಎದುರು ನಿಂತು ಬಾಯಿಬಿಟ್ಟು ಹೇಳಿದರು, ಇವರು ಬಿಚ್ಚುತ್ತಾ ಹೋದರು. ಪ್ರತಿ ಪೈಪನ್ನೂ ಊದಿ, ಒರೆಸಿ, ಮತ್ತೆ ಸಿಕ್ಕಿಸಿದರು. ಸಂಜೆಗೆ ಗಾಡಿ ಹೊಸದರಂತೆ ಶುರುವಾಯಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಅವರಿಗೆ ಆ ಸಂತೋಷ ಬೇಕಾಗಿತ್ತು. ಶೆಡ್ಡಿನಲ್ಲಿ ಗಾಡಿಗಳು ಕಡಿಮೆಯಾಗಿದ್ದವು. ಕೊಬ್ಬರಿ ವ್ಯಾಪಾರಿ ಬಸವರಾಜಪ್ಪ ಆ ಶೆಡ್ಡಿನ ಮೇಲೆ ಕಣ್ಣು ಹಾಕಿ, ಎದುರು ಸಿಕ್ಕಿದಾಗಲೆಲ್ಲ ಕೇಳುತ್ತಿದ್ದ. ಒಳಗೆ ಅಟ್ಟ ಕಟ್ಟಿ, ಕಾಯಿ ತುಂಬಿ, ಅವು ಅಟ್ಟದ ಮೇಲೇ ವರ್ಷವಿಡೀ ಒಣಗಿ ಕೊಬ್ಬರಿಯಾಗಲು ಬಿಡಬೇಕೆಂದು ಅವನ ಆಸೆ. ಕೆಟ್ಟವನಲ್ಲ, ಆದರೆ ಹಿಡಿದದ್ದನ್ನು ಬಿಡುವವನಲ್ಲ.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಶೆಟ್ಟಿಕೆರೆ ಕಡೆಯಿಂದ ಕರೆ ಬಂತು, ನಾನು ಗಾಡಿ ಸ್ಟಾರ್ಟ್ ಮಾಡಿದೆ. ಕರಿ ಹೊಗೆ ಕಾರಿ, ಎರಡು ಸಲ ಕೆಮ್ಮಿ, ನಿಂತುಹೋಯಿತು. ಮತ್ತೆ ಮಾಡಿದೆ, ಮತ್ತೆ ಅದೇ. ಕೊನೆಗೆ ಪಕ್ಕದ ಮನೆಯವರ ಸೈಕಲ್ಲಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟಾಯಿತು. ಮರುದಿನ ಬೆಳಿಗ್ಗೆ ಮತ್ತೆ ಕೆಮ್ಮು. ಬಿಸಿಲೇರಿ ಸ್ಟಾರ್ಟಾದ ಮೇಲೆ ತುಮಕೂರಿಗೆ ಒಯ್ದೆ, ಅಲ್ಲಿ ಗಾಡಿ ಸರಿಯಿತ್ತು. ಅಲ್ಲಿನವರು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ಏನೂ ಇಲ್ಲ ಸಾರ್, ನೀವು ಆಕ್ಸಿಲರೇಟರ್ ಜಾಸ್ತಿ ಕೊಡ್ತೀರಿ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಲ್ಲೇ ಜೋರು ಮಾಡಿ, ಮುಖ ಕೆಡಿಸಿಕೊಂಡು ವಾಪಸ್ ಬಂದೆ.

ನೇರ ಸಾಬ್ರ ಅಂಗಳಕ್ಕೆ ಬಂದಾಗ ಬಸವರಾಜಪ್ಪ ಅಲ್ಲೇ ಕೂತು ಟೀ ಕುಡಿಯುತ್ತಿದ್ದ. ನನ್ನ ಕಥೆ ಕೇಳಿ ಅವನಿಗೆ ಖುಷಿಯೋ ಖುಷಿ.

"ನೋಡಿದ್ರಾ ಸಾಬ್ರೇ? ಇನ್ಮೇಲೆ ಬರೋವೆಲ್ಲ ಇಂಥವೇ. ಕಂಪ್ನಿಯೋರ್ಗೇ ತಿಳೀಲಿಲ್ಲ, ನಿಮ್ಗೆ ತಿಳೀತದಾ? ಶೆಡ್ಡು ನಂಗ್ ಬುಡಿ, ಆರಾಮಾಗಿರಿ."

ಸಾಬ್ರು ಅವನ ತುಟಿಯನ್ನೇ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆ ಕಿಟಕಿಯ ಕಡೆ ತಿರುಗಿದರು. ಅಲ್ಲಿ ಖುರ್ಷಿದಮ್ಮ ನಿಂತಿದ್ದರು.

"ಸರಿ ಬಸವರಾಜಪ್ಪ," ಅಂದರು. "ಈ ಗಾಡಿ ನನ್ ಕೈಲಿ ಸರಿ ಹೋದ್ರೆ ಶೆಡ್ಡು ಶೆಡ್ಡಾಗೇ ಇರ್ತೈತೆ. ಇನ್ನೊಂದ್ಸಲ ನೀನು ಕೇಳ್ಬಾರ್ದು. ಆಗ್ಲಿಲ್ಲ ಅಂದ್ರೆ ಬೀಗದ ಕೈ ನಿಂದು."

"ಅಜೀ!" ಎಂದು ಕಿಟಕಿಯೊಳಗಿಂದ ಖುರ್ಷಿದಮ್ಮ ಗಾಬರಿಯಾಗಿ ಕೂಗಿದರು. ಸಾಬ್ರು ಅಷ್ಟರಲ್ಲಿ ಕಿಟಕಿಗೆ ಬೆನ್ನು ಹಾಕಿ ಬಸವರಾಜಪ್ಪನ ಕಡೆ ತಿರುಗಿದ್ದರು, ಕೇಳಿಸಲಿಲ್ಲ.

ನನಗೆ ನನ್ನ ಗಾಡಿಯ ಚಿಂತೆ ಹೋಗಿ ಅವರ ಚಿಂತೆ ಹತ್ತಿತು. ಮೊದಲೇ ಮಂದ ಕಿವಿ, ಮೇಲೆ ಸ್ಕ್ರೂ ಇಲ್ಲದ ಇಂಜಿನ್ನು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಗಾಡಿಯನ್ನು ಅಲ್ಲೇ ಬಿಟ್ಟು ಮರುದಿನ ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ಹೋದೆ. ಮಂಜು ತೆಂಗಿನ ಗರಿಗಳಿಂದ ತೊಟ್ಟಿಕ್ಕುತ್ತಿತ್ತು. ಸಾಬ್ರು ಸ್ಟಾರ್ಟ್ ಮಾಡಿದರು. ಕರಿ ಹೊಗೆ, ಕೆಮ್ಮು, ಮೌನ. ಖುರ್ಷಿದಮ್ಮ ಕಿಟಕಿ ಬಿಟ್ಟು ಅಂಗಳಕ್ಕೇ ಬಂದು, ಗಂಡನ ಎದುರು ನಿಂತು ಹೇಳಿದರು:

"ಉಸಿರು ಕಟ್ತೈತೆ. ಹೊಟ್ಟೆ ತುಂಬಿದ್ರೂ ಯಾರೋ ಮೇಲೆ ಮೇಲೆ ತುರುಕ್ದಂಗೆ ಸದ್ದು."

ಪೆಟ್ರೋಲು ಹೆಚ್ಚು ಹೋಗುತ್ತಿದೆ ಎಂದು ಅದರ ಅರ್ಥ. ಸಾಬ್ರು ಪ್ಲಗ್ ತೆಗೆದರು, ಕಾಡಿಗೆಯಂತೆ ಕಪ್ಪಾಗಿತ್ತು. ಏರ್ ಫಿಲ್ಟರ್ ನೋಡಿದರು, ಶುದ್ಧವಾಗಿತ್ತು. ವೈರುಗಳನ್ನೆಲ್ಲ ತಡವಿದರು. ಅಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿಯಿತು, ಗಾಡಿ ತಾನಾಗಿಯೇ ಸರಿಯಾಯಿತು. ಸರಿಯಾದ ಗಾಡಿಯಲ್ಲಿ ರೋಗ ಹುಡುಕುವುದು ಹೇಗೆ? ಹಸುವಿನಲ್ಲೂ ಅದೇ ಕಷ್ಟ, ನಾನು ಬಲ್ಲೆ. ದಾರಿಯಲ್ಲಿ ಹೋಗುತ್ತಿದ್ದ ಬಸವರಾಜಪ್ಪ ಬಾಗಿಲಲ್ಲಿ ತಲೆ ತೂರಿಸಿ, "ಅಟ್ಟಕ್ಕೆ ಬಿದಿರು ಹೇಳ್ಲಾ?" ಎಂದು ಕೇಳಿ ಹೋದ. ಸಾಬ್ರು ಆ ದಿನ ಮಧ್ಯಾಹ್ನದ ಊಟ ಮಾಡಲಿಲ್ಲವಂತೆ.

ಮಾರನೆ ಬೆಳಿಗ್ಗೆ ಇನ್ನೂ ಹೆಚ್ಚು ಚಳಿ. ಗಾಡಿಯದು ಅದೇ ಹಾಡು. ಸಾಬ್ರು ಸ್ಪ್ಯಾನರ್ ಹಿಡಿದು ಏನೂ ಮಾಡದೆ ಕುಕ್ಕರಗಾಲಲ್ಲಿ ಕೂತಿದ್ದರು. ಮಗಳು ಫರ್ಹಾ ಕಾಲೇಜಿಗೆ ಹೊರಡುವವಳು, ತಲೆ ಬಾಚಿಸಿಕೊಳ್ಳಲು ತಾಯಿಯ ಮುಂದೆ ಹೊಸ್ತಿಲ ಮೇಲೆ ಕೂತಿದ್ದಳು. ಖುರ್ಷಿದಮ್ಮ ಎಣ್ಣೆ ಬಾಟಲಿಯನ್ನು ಅಂಗೈ ಮೇಲೆ ಬೋರಲು ಹಾಕಿದರು. ಒಂದು ಹನಿಯೂ ಬೀಳಲಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಹೋಗೇ, ಒಲೆ ಹತ್ರ ಇಟ್ಕೊಂಡ್ ಬಾ," ಅಂದರು ಮಗಳಿಗೆ.

ಚಳಿಗಾಲದಲ್ಲಿ ನಮ್ಮ ಎಲ್ಲ ಮನೆಗಳಲ್ಲೂ ದಿನವೂ ನಡೆಯುವ ಸಂಗತಿ ಇದು. ನನ್ನ ಕಣ್ಣಿಗೆ ಅದರಲ್ಲಿ ಏನೂ ಕಾಣಲಿಲ್ಲ. ಸಾಬ್ರು ಮಾತ್ರ ಆ ಬಾಟಲಿಯನ್ನು ನೋಡುತ್ತಲೇ ಇದ್ದರು. ಫರ್ಹಾ ಅದನ್ನು ಒಳಗೆ ತೆಗೆದುಕೊಂಡು ಹೋದ ಮೇಲೂ ಅದಿದ್ದ ಜಾಗವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಶೆಡ್ಡಿಗೆ ಹೋಗಿ ಗೋಡೆಗೂಡಿನ ಚಿಪ್ಪನ್ನು ತಂದು ಹೆಬ್ಬೆರಳಿನಿಂದ ಒತ್ತಿದರು. ಎಣ್ಣೆ ಗಟ್ಟಿಯಾಗಿ, ಬೆರಳಚ್ಚು ಮೂಡಿತು.

ಅವರು ಗಾಡಿಯ ಹತ್ತಿರ ಬಂದು, ಇಂಜಿನ್ನಿಂದ ಮೇಲಕ್ಕೆ ಹೋಗಿದ್ದ ಬೆರಳಿಗಿಂತ ತೆಳ್ಳನೆಯ ಒಂದು ಪೈಪನ್ನು ಕಿತ್ತರು. ನಡುವೆ ಜೋತುಬಿದ್ದು ಬಾಗಿದ್ದ ಕಡೆ ಹಿಸುಕಿದರು. ತುದಿಯಿಂದ ಒಂದು ಸಣ್ಣ ಬಿಳಿ ಬತ್ತಿ ಹೊರಗೆ ಬಂದು ಅವರ ಅಂಗೈ ಮೇಲೆ ಬಿತ್ತು. ನಾವು ಮೂವರೂ ನೋಡುತ್ತಿದ್ದಂತೆಯೇ ಅದು ಕೈಯ ಬಿಸಿಗೆ ಕರಗಿ ಎಣ್ಣೆಯಾಯಿತು. ಕೊಬ್ಬರಿಯ ವಾಸನೆ ಬಂತು.

"ನಂದೇ," ಅಂದರು ಸಾಬ್ರು.

ಆಮೇಲೆ ನನಗೆ ತಿಳಿಯುವಂತೆ ಹೇಳಿದರು. ಆ ಪೈಪಿನಲ್ಲಿ ಪೆಟ್ರೋಲು ಹರಿಯುವುದಿಲ್ಲ. ಇಂಜಿನ್ನು ಎಷ್ಟು ಉಸಿರೆಳೆಯುತ್ತಿದೆ ಎಂದು ಆ ಪೆಟ್ಟಿಗೆಗೆ ತಿಳಿಸುವ ಗಾಳಿಯ ಪೈಪು ಅದು. ಹಳ್ಳಕ್ಕೆ ಬಿದ್ದಾಗ ಅವರು ಅದನ್ನು ಒರೆಸಿ, ಅಪ್ಪನ ಕಾಲದ ಅಭ್ಯಾಸದಂತೆ ಎರಡೂ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಸಿಕ್ಕಿಸಿದ್ದರು. "ಕಾರ್ಬುರೇಟರ್ ಪೈಪಾದ್ರೆ ಪೆಟ್ರೋಲೇ ಎಣ್ಣೇನ ತೊಳ್ಕೊಂಡ್ ಹೋಗೋದು. ಇಲ್ಲಿ ತೊಳೆಯೋರ್ ಯಾರು? ಬಾಗಿದ್ ಕಡೆ ಹೋಗಿ ಕೂತ್ಕಂಡೈತೆ. ಬಿಸ್ಲಿದ್ದಾಗ ನೀರು, ಚಳಿ ಬಿದ್ರೆ ಬಿರಡೆ. ಪೆಟ್ಟಿಗೆಗೆ ಉಸಿರೇ ತಿಳೀದೆ ಸುಮ್ನೆ ಪೆಟ್ರೋಲ್ ಸುರೀತಾ ಐತೆ."

ಬಿಸಿಲೇರಿದ ಮೇಲೆ ತಲುಪಿದ ಗಾಡಿಯಲ್ಲಿ ತುಮಕೂರಿನವರಿಗೆ ಏನು ತಾನೆ ಸಿಗಬೇಕಿತ್ತು, ಪಾಪ. ನಾನು ಅಲ್ಲಿ ಹಾರಾಡಿದ್ದೆಲ್ಲ ದಂಡವಾಯಿತು.

ಪೈಪನ್ನು ಪೆಟ್ರೋಲಿನಲ್ಲಿ ತೊಳೆದು, ಊದಿ, ಈ ಸಲ ಒಣದಾಗಿಯೇ ಕಷ್ಟಪಟ್ಟು ಸಿಕ್ಕಿಸಿದರು. ಹೊಸ ಪ್ಲಗ್ ಹಾಕಿದರು. ಖುರ್ಷಿದಮ್ಮ ಕಿಟಕಿಗೆ ಹೋಗಿ ನಿಂತರು. ಸಾಬ್ರು ಸ್ಟಾರ್ಟ್ ಮಾಡಿ, ಎಂದಿನಂತೆ ಕುಕ್ಕರಗಾಲಲ್ಲಿ ಕೂತು, ಸ್ಕ್ರೂ ಡ್ರೈವರ್ ಹಿಡಿದು ಕಿಟಕಿಯ ಕಡೆ ನೋಡಿದರು.

ಇಂಜಿನ್ನು ಮೊದಲು ಸ್ವಲ್ಪ ಜೋರಾಗಿ ಓಡಿತು. ಆಮೇಲೆ ತಾನೇ ಇಳಿಯಿತು. ಯಾರೂ ಮುಟ್ಟದೆ, ಇಳಿದು ಇಳಿದು ಹದಕ್ಕೆ ಬಂದು ನಿಂತಿತು. ಕಿಟಕಿಯಲ್ಲಿ ಖುರ್ಷಿದಮ್ಮನ ಗಲ್ಲ ಮೇಲೆದ್ದಿತು. ಸಾಬ್ರ ಕೈಯಲ್ಲಿ ಸ್ಕ್ರೂ ಡ್ರೈವರ್ ಹಾಗೇ ಇತ್ತು. ಅದನ್ನು ಅವರು ಎಲ್ಲಿಗೂ ಕೊಟ್ಟೇ ಇರಲಿಲ್ಲ, ಕೊಡುವುದಕ್ಕೆ ಅಲ್ಲಿ ಜಾಗವೂ ಇರಲಿಲ್ಲ. ಅವರು ಇನ್ನೊಂದು ಕೈಯನ್ನು ಟ್ಯಾಂಕಿನ ಮೇಲಿಟ್ಟು ಇಂಜಿನ್ನಿನ ನಡುಕವನ್ನು ಬಹಳ ಹೊತ್ತು ನೋಡಿದರು. ಗೆದ್ದ ಮನುಷ್ಯನ ಮುಖ ಅಲ್ಲ ಅದು.

ಬಸವರಾಜಪ್ಪ ಬಂದು ನೋಡಿ ತಲೆ ಕೆರೆದುಕೊಂಡ. ಮಾತಿಗೆ ತಪ್ಪುವವನಲ್ಲ ಅವನು. "ಆಯ್ತು ಕಣ್ರೀ ಸಾಬ್ರೇ, ನೀವೇ ಗೆದ್ರಿ. ಇನ್ನು ಕೇಳಲ್ಲ ಬುಡಿ," ಅಂದ.

ಸಾಬ್ರು ಶೆಡ್ಡಿನ ಒಳಗೆ ಹೋಗಿ ಬೀಗದ ಕೈ ತಂದು ಅವನ ಕೈಗಿಟ್ಟರು.

"ಏನ್ ತಲೆ ಕೆಟ್ಟೈತೇನ್ರೀ ನಿಮ್ಗೆ?" ಎಂದು ನಾನು ಹಾರಾಡಿದೆ. "ಪಂತ ಗೆದ್ದೋರು ಬೀಗದ ಕೈ ಕೊಡ್ತಾರಾ?"

"ಯಾವ ಗೆಲುವು ಇನ್ಸ್‌ಪೆಕ್ಟ್ರೇ? ನಾನೇ ಕೆಡ್ಸಿದ್ದು, ನಾನೇ ತೆಗ್ದೆ. ಅದು ಹೋಗ್ಲಿ." ಅವರು ಸೀಟನ್ನು ಮೆಲ್ಲಗೆ ತಟ್ಟಿದರು. "ಇದರೊಳಗೆ ಪೆಟ್ಟಿಗೆ ಐತಲ್ಲ, ಅದು ಫರ್ಹಾ ಅಮ್ಮಿ ಮಾಡೋ ಕೆಲ್ಸಾನೂ ಮಾಡ್ತೈತೆ, ನಾನು ಮಾಡೋ ಕೆಲ್ಸಾನೂ ಮಾಡ್ತೈತೆ. ಕೇಳೋದೂ ಅದೇ, ತಿರುಗ್ಸೋದೂ ಅದೇ. ನಟ್ಟು ಬೋಲ್ಟು ಬಿಚ್ಚೋಕೆ ಬೇಕಾದಷ್ಟು ಹುಡುಗ್ರು ಅವ್ರೆ. ನಮ್ಮಿಬ್ರು ಕೆಲ್ಸ ಅದಲ್ಲ."

ನಾನು ಕಿಟಕಿಯ ಕಡೆ ನೋಡಿದೆ. ಖುರ್ಷಿದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಿಟಕಿಯ ಬಾಗಿಲು ಎಳೆದುಕೊಂಡರು. ಹಗಲು ಹೊತ್ತಿನಲ್ಲಿ, ಆಕೆ ಮನೆಯಲ್ಲಿದ್ದಾಗ, ಅದು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶೆಡ್ಡಿನಲ್ಲಿ ಬಿದಿರಿನ ಅಟ್ಟ ಎದ್ದಿತು, ಅಟ್ಟದ ತುಂಬ ಕಾಯಿ ಬಂತು. ಓಣಿಯ ಬೆಳಗುಗಳು ಸಪ್ಪಗಾದವು. ಸಾಬ್ರು ಜಗುಲಿಯ ಮೇಲೆ ಕೂತು ಹೋಗುವ ಬರುವವರ ತುಟಿ ನೋಡುತ್ತಿದ್ದರು. ನಾನು ಹಬ್ಬಕ್ಕೆ ಹೋಗಿ ಸೇವಿಗೆ ಪಾಯಸ ಕುಡಿದು ಬರುತ್ತಿದ್ದೆ, ಗಾಡಿಯ ಮಾತು ಎತ್ತುತ್ತಿರಲಿಲ್ಲ. ಗಾಡಿ ಮಾತ್ರ ಹೇಳಿದ ಹಾಗೆ ಓಡುತ್ತಿತ್ತು, ಅದೇ ನನಗೆ ಸಿಟ್ಟು.

ಮುಂದಿನ ವರ್ಷ ಕಾಯಿ ಒಣಗಿದವೆಂದು ಬಸವರಾಜಪ್ಪ ಆಳುಗಳನ್ನು ಕರೆತಂದ. ಸಿಪ್ಪೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆಯಬೇಕು. ಸರಿಯಾಗಿ ಒಣಗಿದ ಕಾಯಿಯಲ್ಲಿ ಉಂಡೆ ಚಿಪ್ಪು ಬಿಟ್ಟು ಒಳಗೆ ಗುಡುಗುಡು ಆಡುತ್ತದೆ. ಒಣಗದ್ದನ್ನು ಒಡೆದರೆ ಹಸಿ ಕೊಬ್ಬರಿ ಚಿಪ್ಪಿಗಂಟಿ ಚೂರಾಗಿ ಹಾಳಾಗುತ್ತದೆ. ಆಳುಗಳು ಅವಸರದಲ್ಲಿ ಒಂದೆರಡು ಸಲ ಅಲ್ಲಾಡಿಸಿ ಒಡೆಯುತ್ತಿದ್ದರು, ಹಾಳಾದವುಗಳ ರಾಶಿ ಬೆಳೆಯುತ್ತಿತ್ತು. ಬಸವರಾಜಪ್ಪ ಬೈಯುತ್ತಿದ್ದ.

ಆಗ ಅಡುಗೆಮನೆಯ ಕಿಟಕಿ ತೆರೆಯಿತಂತೆ. "ಅದನ್ನ ಒಡೀಬೇಡ ಕಣಪ್ಪ, ಅದಿನ್ನೂ ಅರ್ಧ ಅಂಟ್ಕಂಡೈತೆ," ಎಂದಿತಂತೆ ಒಳಗಿನ ದನಿ. ಆಳು ನಕ್ಕು ಒಡೆದ. ಅರ್ಧ ಅಂಟಿಕೊಂಡಿತ್ತು. "ಅದೂ ಬೇಡ. ಈಗ ಎತ್ತಿದ್ಯಲ್ಲ, ಅದನ್ನ ಒಡಿ," ಎಂದಿತು ಕಿಟಕಿ ಮತ್ತೆ. ಬಸವರಾಜಪ್ಪ ಬೈಯುವುದನ್ನು ಬಿಟ್ಟು ಕಿಟಕಿಯ ಕೆಳಗೆ ಹೋಗಿ ಕೈಮುಗಿದು ನಿಂತನಂತೆ. "ತಾಯಿ, ನೀವೇ ಬಂದ್ ಕೂತ್ಕಳಿ" ಅಂದದ್ದನ್ನು ಅವನೇ ನನಗೆ ಹೋಟೆಲಿನಲ್ಲಿ ಹೇಳಿದ.

ಕೇಳಿದವನಿಗೆ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಅಮ್ಮಸಂದ್ರದ ಕಡೆ ಹೋಗಬೇಕಾದವನು ಓಣಿಗೆ ತಿರುಗಿದೆ. ಅಂಗಳದ ಬಾಗಿಲ ಹೊರಗೆ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡದೆ ಒಳಗೆ ಇಣುಕಿದೆ.

ಶೆಡ್ಡಿನ ಮುಂದೆ ಸುಲಿದ ಕಾಯಿಗಳ ಗುಡ್ಡೆ. ಖುರ್ಷಿದಮ್ಮ ಮಣೆಯ ಮೇಲೆ ಕೂತಿದ್ದರು. ಸಾಬ್ರು ಅವರ ಎದುರು ಅದೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಾಯಿ ಎತ್ತಿ ಕೊಡುತ್ತಿದ್ದರು. ಆಕೆ ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಹುಬ್ಬು ಗಂಟಿಕ್ಕಿ, ತಲೆ ತಗ್ಗಿಸಿ ಕೇಳುವರು. ಗಲ್ಲ ಮೇಲೆದ್ದರೆ ಸಾಬ್ರು ಅದನ್ನು ಇಸಿದುಕೊಂಡು ಒಡೆಯುವವರ ಕಡೆ ಹಾಕುವರು, ಏಳದಿದ್ದರೆ ಮತ್ತೆ ಅಟ್ಟಕ್ಕೆ. ಸಾಬ್ರ ಕಣ್ಣು ಆ ಮುಖದಿಂದ ಕದಲುತ್ತಿರಲಿಲ್ಲ.

ಇಬ್ಬರೂ ನನಗೆ ಓರೆಯಾಗಿ ಕೂತಿದ್ದರು, ನನ್ನನ್ನು ನೋಡಿರಲಿಲ್ಲ. ಅಷ್ಟರಲ್ಲಿ ಖುರ್ಷಿದಮ್ಮನ ಕೈ ಕಾಯಿಯ ಮೇಲೆ ತಡೆಯಿತು. ತಲೆ ತಗ್ಗಿಸಿ ಕೊಂಚ ಹೊತ್ತು ಹೊರಗಿನ ಸದ್ದನ್ನು ಕೇಳಿದರು. ಆಮೇಲೆ ಗಂಡನ ಮೊಣಕಾಲು ತಟ್ಟಿ, ಬಾಗಿಲ ಕಡೆ ಕಣ್ಣು ತೋರಿಸಿ, ತುಟಿಯಲ್ಲೇ "ಇನ್ಸ್‌ಪೆಕ್ಟ್ರು" ಅಂದು, ಗಲ್ಲ ಮೇಲೆತ್ತಿದರು.

ಸಾಬ್ರು ತಿರುಗಿಯೂ ನೋಡದೆ ಕೂಗಿದರು:

"ಬನ್ನಿ ಬನ್ನಿ ಇನ್ಸ್‌ಪೆಕ್ಟ್ರೇ! ಗಾಡಿ ಚೆನ್ನಾಗೈತಂತೆ."